ಗಾರ್ನಿಶ್ ಸೆಟ್ ರಿವ್ಯೂ: ಪೀಲರ್ ಒಂದ ಸಾಕಿತ್ತು

ಮನ್ಯಾಗ ಕಾಕ್‌ಟೇಲ್ ಮಾಡ್ಕೊಳ್ಳೋರಿಗೆ ಅಂತ ಆನ್‌ಲೈನ್‌ನಾಗ ಒಂದು ಗಾರ್ನಿಶ್ ಸೆಟ್, ಅಂದ್ರ ಗ್ಲಾಸಿನ ಸಿಂಗಾರಕ್ಕ ಹಣ್ಣಿನ ಸಿಪ್ಪಿ ತಗಿಯೋ ಸಾಮಾನು, ಸಿಗತೈತಿ, ವೈ ಆಕಾರದ ಪೀಲರ್, ಚಾನೆಲ್ ನೈಫ್, ಸಿಪ್ಪಿ ಸಣ್ಣ ಎಳಿ ಎಳಿ ಹೆರಿಯೋ ಜೆಸ್ಟರ್, ಮೂರೂ ಸೇರಿ ಐನೂರು ರೂಪಾಯಿ ಒಳಗ. ಬ್ರ್ಯಾಂಡ್ ಹೆಸರು ಬ್ಯಾಡ ಬಿಡ್ರಿ, ಅದ ಮಾಲು ಬ್ಯಾರೆ ಬ್ಯಾರೆ ಹೆಸರಿನ್ಯಾಗ ಬರತೈತಿ.

ಪೀಲರ್ ಮಾತ್ರ ಭಾಳ ಛಲೋ ಐತ್ರಿ. ಮೋಸಂಬಿ ಮ್ಯಾಲಿಂದ ಕೆಳಗ ಹಗೂರಕ ಎಳದ್ರ ಎರಡು ಬೆರಳ ಅಗಲದ ಪಟ್ಟಿ ಬಂದಬಿಡತೈತಿ, ಬಿಳಿ ತೊಗಟಿ ಜಾಸ್ತಿ ಹತ್ತಂಗಿಲ್ಲ. ಆ ಬಿಳೀದ ಕಹಿ ನೋಡ್ರಿ, ಉಳದ್ರ ಚಾಕುಲೆ ಕೆರದು ತಗೀರಿ. ಆಮ್ಯಾಲ ಬಣ್ಣದ ಮಗ್ಗಲ ಗ್ಲಾಸಿನ ಕಡೆ ಮಾಡಿ ಚಿವುಟಿದ್ರ ಸಿಪ್ಪಿ ಒಳಗಿನ ಎಣ್ಣಿ ಸಣ್ಣಗ ಸಿಡದು ಡ್ರಿಂಕ್ ಮ್ಯಾಲ ಬೀಳತೈತಿ, ಲೈಟಿಗೆ ಹಿಡದ್ರ ಕಣ್ಣಿಗೆ ಕಾಣತೈತಿ, ಘಮ ಎಲ್ಲಾ ಅದರಾಗ ಇರೋದು, ಅದಕ್ಕ ಡ್ರಿಂಕ್ ಸುರದ ಮ್ಯಾಲನ ಸಿಪ್ಪಿ ತಗೀರಿ, ಮಧ್ಯಾಹ್ನನ ಹೆರದು ಇಟ್ರ ಸುಕ್ಕ ಬಿದ್ದು ಏನೂ ಉಳಿಯಂಗಿಲ್ಲ. ಓಲ್ಡ್ ಫ್ಯಾಶನ್ಡ್ ಅನ್ನೋ ವಿಸ್ಕಿ ಕಾಕ್‌ಟೇಲ್‌ಗೆ ಕಿತ್ತಳಿ ಸಿಪ್ಪಿ ಬೇಕಂದ್ರ ನಾಗಪುರ ಸಂತ್ರಾ ಉಪಯೋಗಿಲ್ಲ, ಸಿಪ್ಪಿ ಸಡಿಲ, ಪೀಲರ್ ಒತ್ತಿದ್ರ ಒಳಗ ಕುಸೀತೈತಿ. ಸಿಪ್ಪಿ ಬಿಗಿ ಇರೋ ಇಂಪೋರ್ಟೆಡ್ ಹಣ್ಣ ತಗೋರಿ, ಮ್ಯಾಲ ಮೇಣ ಹಚ್ಚಿರತಾರ, ಉಗುರುಬೆಚ್ಚನ ನೀರಾಗ ತಿಕ್ಕಿ ತೊಳೀರಿ.

ಚಾನೆಲ್ ನೈಫ್ ಕತಿನ ಬ್ಯಾರೆ. ಹಣ್ಣಿನ ಸುತ್ತ ತಿರುಗಿಸಿ ಉದ್ದ ಸಣ್ಣ ಸುರುಳಿ ತಗ್ಯಾಕ ಅಂತ ಅದು. ಕಂಪನಿಯವರು ಫೋಟೋದಾಗ ದಪ್ಪ ಸಿಪ್ಪಿ ಹಳದಿ ಲೆಮನ್ ತೋರಿಸ್ಯಾರ, ವಿಜಯಪುರದಾಗ ಸಿಗೋದು ಇಂಡಿ ಲಿಂಬಿ. ಊರ ಹೆಸರಿನ ಮಾಲಿಗೆ ಸರ್ಕಾರ ಕೊಡೋ ಜಿಐ ಟ್ಯಾಗ್ ಸಿಕ್ಕ ಹಣ್ಣ, ರಸಕ್ಕ ಸಾಟಿನ ಇಲ್ಲ, ಆದ್ರ ಸಿಪ್ಪಿ ಭಾಳ ತೆಳು, ಈ ನೈಫ್ ಹಾಕಿದ್ರ ಸಿಪ್ಪಿ ಹರದು ರಸ ಕೈಮ್ಯಾಲ ಹರೀತೈತಿ. ಅದೂ ಅಲ್ದ ನನಗ ಬಂದಿದ್ದರ ಅಲಗು ಮೊಂಡ. ಮೋಸಂಬಿ ಮ್ಯಾಲೂ ಅರ್ಧಕ್ಕ ತುಂಡಾಗತೈತಿ. ವಾಪಸ್ ತಗೋರಿ ಅಂದ್ರ ಸೆಲ್ಲರ್ ಕಡೆ ಉತ್ತರನ ಇಲ್ಲ.

ಇಂಡಿ ಲಿಂಬಿಗೆ ಈ ಸೆಟ್ಟ ಬೇಕಾಗಿಲ್ರಿ. ಹರಿತ ಚಾಕುಲೆ ಅಡ್ಡಕ್ಕ ಗಾಲಿ ಹಂಗ ಹೆಚ್ಚಿ, ಚಾಕು ತುದೀಲೆ ಬೀಜ ತಗದು, ಅಂಚಿನಿಂದ ನಡುತನ ಒಂದು ಸೀಳು ಕೊಟ್ಟು ಗ್ಲಾಸಿನ ಕಂಠಕ್ಕ ಸಿಗಸ್ರಿ, ಜಿನ್ ಟಾನಿಕ್‌ಗೂ ನಡೀತೈತಿ, ಲಿಂಬು ಸೋಡಾಕ್ಕೂ ನಡೀತೈತಿ. ಭಾಳ ತೆಳು ಹೆಚ್ಚಿದ್ರ ಜೋತು ಬೀಳತೈತಿ. ಉಳದ ಬಿಲ್ಲಿಗಳನ್ನ ಬ್ಯಾಸಗ್ಯಾಗ ಮಾಳಗಿ ಮ್ಯಾಲ ತೆಳು ಅರಿವಿ ಹೊಚ್ಚಿ ಒಣಗಿಸಿಟ್ರ ಅವೂ ಗಾರ್ನಿಶ್‌ಗೆ ಬರತಾವ, ನಮ್ಮ ಊರ ಬಿಸಲಿಗೆ ಓವನ್ ಯಾಕ ಬೇಕ್ರಿ.

ಜೆಸ್ಟರ್ ಬಗ್ಗೆ ಏನೂ ಹೇಳಂಗಿಲ್ಲ, ನಮ್ಮ ಮನಿಯಾಕಿ ಕೇಕ್ ಮಾಡಾಕ ಎತ್ತಿಟ್ಕೊಂಡಾಳ.

ನನ್ನ ಲೆಕ್ಕಕ್ಕ ಐದಕ್ಕ ಎರಡೂವರಿ ಸ್ಟಾರ್, ಅದೂ ಪೀಲರ್ ಸಲುವಾಗಿ. ಅಂಥಾ ಪೀಲರ್ ಬಿಡಿಯಾಗಿ ಭಾಂಡೆ ಅಂಗಡ್ಯಾಗ ಕೇಳ್ರಿ, ಕಮ್ಮಿಗೆ ಸಿಗತೈತಿ, ಅಲಗನ್ನೂ ನೋಡಿ ತಗೋಬಹುದು.