ಮಾರ್ಬಲ್ ಪ್ಯಾಲೇಸ್ ನೋಡೋಕೆ ಹೋಗ್ತೀರಾ? ಗೇಟಿನ ಹೊರಗೆ ಯಾರಿಗೂ ದುಡ್ಡು ಕೊಡಬೇಡಿ

ಕೋಲ್ಕತ್ತಾ ಪ್ರವಾಸದಲ್ಲಿ ಮಾರ್ಬಲ್ ಪ್ಯಾಲೇಸ್ ಇದ್ದರೆ ಇದನ್ನು ಓದಿಕೊಂಡು ಹೊರಡಿ. ನಾವು ಏನೂ ವಿಚಾರಿಸದೆ ಹೋಗಿ ₹1,200 ಕಳೆದುಕೊಂಡ್ವಿ. ಅತ್ತೆಯ ಮಂಡಿನೋವು ಬೇರೆ.

ಬುಧವಾರ ಮಧ್ಯಾಹ್ನ ಮುಕ್ತಾರಾಮ್ ಬಾಬು ಸ್ಟ್ರೀಟಿನಲ್ಲಿ ಟ್ಯಾಕ್ಸಿ ಇಳಿಯುತ್ತಲೇ ಒಬ್ಬ ಎದುರು ಬಂದ. ಕೊರಳಲ್ಲಿ ಐಡಿ ಕಾರ್ಡು, ಆದರೆ ಹಿಂದುಮುಂದಾಗಿ ನೇತಾಡ್ತಿತ್ತು (ಇದು ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ). ಪಾಸ್ ಇಲ್ಲದೆ ಒಳಗೆ ಬಿಡಲ್ಲ, ತಲೆಗೆ ಮುನ್ನೂರು ಅಂದ. ಪಾಸ್ ಬೇಕು ಅನ್ನೋದು ನಿಜ, ಅದಕ್ಕೇ ನಂಬಿದ್ವಿ. ನಾಲ್ಕು ಜನಕ್ಕೆ ಒಂದೇ ತೆಳು ಗುಲಾಬಿ ಚೀಟಿ ಹರಿದ. ಅಚ್ಚಾಗಿದ್ದೆಲ್ಲ ಬಂಗಾಳಿ, ಮೂಲೆಯಲ್ಲಿ ಪೆನ್ನಿನಲ್ಲಿ 4. ಗೇಟಿನವರು ಅದನ್ನು ನೋಡಿ, ಮಡಚಿ, ಸುಮ್ಮನೆ ವಾಪಸ್ ಕೊಟ್ಟರು. ತಿರುಗಿ ನೋಡಿದರೆ ಆಸಾಮಿ ನಾಪತ್ತೆ. ಆ ಬಡಾವಣೆಯ ಹೆಸರು ಚೋರ್‌ಬಾಗಾನ್, ಅಂದರೆ ಕಳ್ಳರ ತೋಟ. ಮಗ ಇನ್ನೂ ಅದನ್ನೇ ಹೇಳಿ ನಗ್ತಾನೆ.

ಅಸಲಿಗೆ ಇದು ಸರ್ಕಾರಿ ಮ್ಯೂಸಿಯಂ ಅಲ್ಲ, ಮನೆ. 1835ರಲ್ಲಿ ರಾಜಾ ರಾಜೇಂದ್ರ ಮಲ್ಲಿಕ್ ಕಟ್ಟಿಸಿದ್ದು. ಅವರ ವಂಶದವರು ಇವತ್ತಿಗೂ ಅಲ್ಲೇ ವಾಸ. ಪ್ರವೇಶ ಉಚಿತ. ಪ್ರವಾಸೋದ್ಯಮ ಕಚೇರಿಯಲ್ಲಿ ಗುರುತಿನ ದಾಖಲೆ ತೋರಿಸಿ ಹಿಂದಿನ ದಿನವೇ ಪಾಸ್ ತಗೋಬೇಕು, ಅದಕ್ಕೂ ಕಾಸಿಲ್ಲ. ಸೋಮವಾರ, ಗುರುವಾರ ರಜೆ. ಹಾಗಾಗಿ ಗುರುವಾರ ಪಾಸ್ ಮಾಡಿಸಿ ಶುಕ್ರವಾರ ಬೆಳಿಗ್ಗೆ ಮತ್ತೆ ಹೋದ್ವಿ. ಅತ್ತೆ ಬರಲಿಲ್ಲ. ನೋಡಬೇಕು ಅಂತ ಹಟ ಹಿಡಿದಿದ್ದು ಅವರೇ.

ಒಳಗೆ ಕಾಲಿಟ್ಟರೆ ತಣ್ಣನೆ ಅಮೃತಶಿಲೆ, ಮಬ್ಬು ಬೆಳಕು. ಮರದಲ್ಲಿ ಕೆತ್ತಿದ ವಿಕ್ಟೋರಿಯಾ ರಾಣಿ ಎಷ್ಟು ದೊಡ್ಡದೆಂದರೆ ಕತ್ತೆತ್ತಿ ನೋಡಬೇಕು. ಗೋಡೆ ತುಂಬ ಯುರೋಪಿನ ವರ್ಣಚಿತ್ರಗಳು, ಅವುಗಳ ನಡುವೆ ಹೆಸರಾಂತ ಚಿತ್ರಕಾರ ರೂಬೆನ್ಸ್‌ನವು ಎನ್ನುವ ಚಿತ್ರಗಳೂ ಇವೆ. ಗಡಿಯಾರ, ಹೂದಾನಿ, ಪ್ರತಿಮೆ, ಆಳೆತ್ತರದ ಕನ್ನಡಿ ಎಲ್ಲ ಒತ್ತೊತ್ತಾಗಿ, ಮದುವೆ ಮನೆಯ ಉಗ್ರಾಣದ ಹಾಗೆ. ಫೋಟೋ ತೆಗೆಯೋ ಹಾಗಿಲ್ಲ, ಇದನ್ನೂ ಮೊದಲೇ ತಿಳಿದಿರಿ.

ಊರಿಗೆ ಬಂದ ಮೇಲೆ ಆ ಗುಲಾಬಿ ಚೀಟಿಯನ್ನು ಆಫೀಸಿನ ಬಂಗಾಳಿ ಗೆಳತಿಗೆ ತೋರಿಸಿದೆ. ಅದು ಯಾವುದೋ ಬೀದಿಯ ದುರ್ಗಾಪೂಜೆಯ ಚಂದಾ ರಸೀದಿಯಂತೆ.