ಕವಲು ದಾರಿಯಲ್ಲಿ ನಿಂತಾಗ ಯಾವ ಫೋನು? ಹೊಸದನ್ನೂ ಬಳಸಿದ್ದನ್ನೂ ಹಿಡಿದು ತಿರುಗಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹಳ್ಳಿಗಾಡಿನಲ್ಲಿ ದಾರಿ ಹುಡುಕಲು ನನ್ನ ಮತ ಬಳಸಿದ ಫೋನಿಗೆ. 12,500 ರೂಪಾಯಿ ಕೊಟ್ಟು ತಂದ ಹೊಚ್ಚಹೊಸ ಫೋನು ಈಗ ಮನೆಯಲ್ಲಿ ಅಮ್ಮನ ಬಳಿ ಇದೆ. ನಾಲ್ಕು ವರ್ಷ ಇನ್ನೊಬ್ಬರ ಜೇಬಿನಲ್ಲಿದ್ದು 14,000 ರೂಪಾಯಿಗೆ ನನ್ನ ಪಾಲಿಗೆ ಬಂದ ಫೋನು ನನ್ನ ಜೊತೆ ಊರೂರು ತಿರುಗುತ್ತಿದೆ. ಬಳಸಿದ್ದಕ್ಕೆ ಹೊಸದಕ್ಕಿಂತ ಹೆಚ್ಚು ಕೊಟ್ಟೆಯಾ ಎಂದು ಕೇಳಿದವರಿಗೆಲ್ಲ ಇದೇ ಕಥೆಯನ್ನು ಹೇಳಿದ್ದೇನೆ.

ತಿಂಗಳಿಗೆ ಎರಡು ಭಾನುವಾರ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಗಳಲ್ಲಿ ವೀರಗಲ್ಲು (ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲು), ಮಾಸ್ತಿಗಲ್ಲುಗಳನ್ನು (ಸತಿ ಹೋದವರ ನೆನಪಿನ ಕಲ್ಲು) ಹುಡುಕಿ, ಅವು ಇರುವ ಜಾಗವನ್ನು ಗುರುತು ಮಾಡಿಕೊಂಡು ಬರುವುದು ನನ್ನ ರೂಢಿ. ಹುಂಚದ ಬಸದಿಗಳಿಗೋ ಬಳ್ಳಿಗಾವಿಯ ಕೇದಾರೇಶ್ವರಕ್ಕೋ ಹೋಗಲು ಯಾವ ಫೋನಾದರೂ ಸಾಕು, ದಾರಿಯುದ್ದಕ್ಕೂ ಫಲಕಗಳಿವೆ. ಗದ್ದೆಯ ಬದುವಿನ ಮೇಲೆ ಅರ್ಧ ಹೂತು ನಿಂತ ಕಲ್ಲಿಗೆ ವಿಳಾಸವಿಲ್ಲ. 'ಕೆರೆ ಏರಿ ದಾಟಿ, ದೊಡ್ಡ ಹಲಸಿನ ಮರದ ಆಚೆ' ಎಂಬುದೇ ಅದರ ವಿಳಾಸ. ಅಲ್ಲಿ ಮೊಬೈಲ್ ನೆಟ್‌ವರ್ಕ್ ಕೂಡ ಇರುವುದಿಲ್ಲ.

ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ನಡೆಯುವುದಿಲ್ಲ ಎಂದು ನಂಬಿದವರು ಈಗಲೂ ಬಹಳ ಮಂದಿ ಇದ್ದಾರೆ. ಅದು ತಪ್ಪು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವ ಸಂಕೇತವನ್ನು ಫೋನು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ತಾನೇನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಗೊತ್ತಾಗುತ್ತದೆ, ಸಿಮ್ ಕಾರ್ಡ್ ಬೇಕೇ ಇಲ್ಲ. ಆದರೆ ಉಪಗ್ರಹ ತಾನು ಎಲ್ಲಿದ್ದೇನೆಂದು ತಿಳಿಸುವುದು ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ. ಆ ವಿವರ ಪೂರ್ತಿ ಬರಲು ಅರ್ಧ ನಿಮಿಷ ಬೇಕು, ಮರದ ನೆರಳಲ್ಲಿ ನಡುವೆ ಕಡಿದುಹೋದರೆ ಮತ್ತೆ ಕಾಯಬೇಕು. ನೆಟ್‌ವರ್ಕ್ ಇದ್ದರೆ ಅದೇ ವಿವರ ಅದರ ಮೂಲಕ ಬೇಗ ಸಿಗುತ್ತದೆ, ಅದಕ್ಕೇ ನೆಟ್‌ವರ್ಕ್ ಇರುವಲ್ಲಿಯೇ ಒಮ್ಮೆ ನಕ್ಷೆ ತೆರೆದು ಹೊರಡುತ್ತೇನೆ. ನಕ್ಷೆಯನ್ನೂ ಮೊದಲೇ ಇಳಿಸಿಕೊಂಡಿರಬೇಕು. ಗೂಗಲ್ ನಕ್ಷೆಯನ್ನು ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗ ವಾಹನದ ದಾರಿ ಸಿಗುತ್ತದೆ, ಕಾಲುದಾರಿ ಸಿಗುವುದಿಲ್ಲ. ಹಾಗಾಗಿ ಎರಡೂ ಫೋನುಗಳಲ್ಲಿ ನಾನು ಬಳಸಿದ್ದು ಜನರೇ ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್.

ಇಲ್ಲಿಯವರೆಗೆ ಎರಡೂ ಫೋನು ಸಮಸಮ. ತೊಡಕು ಶುರುವಾದದ್ದು ನಗರ ಎಂಬ ಊರಿನ ಕೋಟೆಯಿಂದ ಕವಲೇದುರ್ಗದ ಕಡೆ ಹೋಗುವಾಗ, ಹೊಸ ಫೋನು ಕೊಂಡ ಮೂರನೆಯ ವಾರ. ಬೈಕು ನಿಲ್ಲಿಸಿ ಒಂದು ಅಡಿಕೆ ತೋಟದ ಅಂಚಿನಲ್ಲಿ ನಡೆಯುತ್ತಿದ್ದೆ. ದಾರಿ ಮೂರು ಕವಲಾಯಿತು. ಮೋಡ ಕವಿದು ಸೂರ್ಯನ ಸುಳಿವಿಲ್ಲ. ತೆರೆಯ ಮೇಲೆ ನೀಲಿ ಚುಕ್ಕೆ ಸರಿಯಾದ ಜಾಗದಲ್ಲಿಯೇ ಇತ್ತು, ಕವಲುಗಳೂ ಕಾಣುತ್ತಿದ್ದವು. ಆದರೆ ನಾನು ಯಾವ ಕಡೆಗೆ ಮುಖ ಮಾಡಿ ನಿಂತಿದ್ದೇನೆ ಎಂಬುದು ಫೋನಿಗೆ ತಿಳಿದಿರಲಿಲ್ಲ. ನಿಂತಲ್ಲೇ ಒಂದು ಸುತ್ತು ತಿರುಗಿದೆ, ನಕ್ಷೆ ಅಲುಗಾಡಲಿಲ್ಲ. ಎಡದ ದಾರಿ ಹಿಡಿದು ಎಂಬತ್ತು ಹೆಜ್ಜೆ ನಡೆದ ಮೇಲೆ ಬಾಣ ತಿರುಗಿ, ನಾನು ವಿರುದ್ಧ ದಿಕ್ಕಿಗೆ ಹೋಗುತ್ತಿರುವುದನ್ನು ತೋರಿಸಿತು. ಹಿಂದಕ್ಕೆ ಬಂದು ಇನ್ನೊಂದು ದಾರಿ ಹಿಡಿದೆ. ಅಲ್ಲಿ ತೋಟದ ನೆರಳು ದಟ್ಟವಾಗಿತ್ತು, ನಿಂತರೆ ಸಾಕು, ಬಾಣ ತನ್ನಷ್ಟಕ್ಕೆ ಅತ್ತ ಇತ್ತ ಹೊರಳುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಬಂದ ಅಜ್ಜಿಯೊಬ್ಬರು, "ಆಗಿನಿಂದ ನೋಡುತ್ತಿದ್ದೇನೆ ಮಗ, ಬಂದ ದಾರಿಯಲ್ಲೇ ಮತ್ತೆ ಮತ್ತೆ ಹೋಗುತ್ತಿದ್ದೀಯಲ್ಲ, ಏನು ಕಳೆದುಕೊಂಡೆ?" ಎಂದು ಕೇಳಿದರು. ನಲವತ್ತು ನಿಮಿಷ ಕಳೆದಿತ್ತು. ಕಲ್ಲು ಸಿಗುವ ಮೊದಲೇ ಮಳೆ ಬಂತು.

ಮನೆಗೆ ಬಂದು ತಿಳಿದುಕೊಂಡೆ. ಜಿಪಿಎಸ್ ಹೇಳುವುದು ಜಾಗವನ್ನು ಮಾತ್ರ. ನಡೆಯುತ್ತಿದ್ದರೆ ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ಗೆರೆ ಎಳೆದಂತೆ ಸಾಗುವ ದಿಕ್ಕನ್ನೂ ತಿಳಿಸುತ್ತದೆ. ನಿಂತವನ ಮುಖ ಯಾವ ಕಡೆ ಇದೆ ಎಂದು ಹೇಳಲು ಫೋನಿನೊಳಗೆ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಬೇರೆಯದೇ ಸಂವೇದಕ ಇರಬೇಕು, ಅಂದರೆ ದಿಕ್ಸೂಚಿ. ಅಗ್ಗದ ಫೋನುಗಳಲ್ಲಿ ಖರ್ಚು ಉಳಿಸಲು ಕೈಬಿಡುವ ಭಾಗಗಳಲ್ಲಿ ಅದೂ ಒಂದು. ನನ್ನ ಫೋನಿನ ಪೆಟ್ಟಿಗೆಯ ಮೇಲೆ 'ಜಿಪಿಎಸ್' ಎಂದು ದಪ್ಪಕ್ಷರದಲ್ಲಿತ್ತು. ದಿಕ್ಸೂಚಿ ಇಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಅಂಗಡಿಯ ಹುಡುಗನನ್ನು ಕೇಳಿದರೆ, "ಜಿಪಿಎಸ್ ಇದೆಯಲ್ಲ ಸರ್, ಎರಡೂ ಒಂದೇ" ಎಂದ. ಎರಡೂ ಒಂದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಹಣ ಕೊಟ್ಟೆನಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಮಾಮೂಲಿ ಸೂಜಿಯ ದಿಕ್ಸೂಚಿ ಇಟ್ಟುಕೊಳ್ಳಬಾರದೇ ಎಂದರು ನಮ್ಮ ಭಾವ. ಒಂದು ತಿಂಗಳು ಹಾಗೂ ಮಾಡಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ದಿಕ್ಸೂಚಿ, ಕೊಡೆ ಹಿಡಿಯಲು ಮೂರನೆಯ ಕೈ ಬೇಕಾಯಿತು.

ಬಳಸಿದ ಫೋನಿನಲ್ಲಿ ದಿಕ್ಸೂಚಿ ಇದೆ. ಕವಲಿನಲ್ಲಿ ನಿಂತು ತಿರುಗಿದರೆ ನಕ್ಷೆಯೂ ತಿರುಗುತ್ತದೆ, ಎದುರಿಗಿರುವ ದಾರಿ ತೆರೆಯ ಮೇಲೂ ಎದುರಿಗೇ ಬರುತ್ತದೆ. ಇದಕ್ಕೂ ಒಂದು ಊನ ಉಂಟು. ಅಯಸ್ಕಾಂತದ ಮುಚ್ಚಳವಿರುವ ಕವರು ಹಾಕಿದ ದಿನ ಉತ್ತರವೆಂದು ತೋರಿಸಿದ್ದು ಹೆಚ್ಚುಕಡಿಮೆ ಪೂರ್ವವನ್ನು. ಕವರು ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕು ಸಲ ಆಡಿಸಿದ ಮೇಲೆ ಸರಿಹೋಯಿತು.

ಕರಾರುವಾಕ್ಕುತನದಲ್ಲೂ ಇದೇ ಮುಂದು. ಒಂದೇ ವೀರಗಲ್ಲಿನ ಪಕ್ಕ ನಿಂತು ಬೇರೆ ಬೇರೆ ಹೊತ್ತಿನಲ್ಲಿ ಎರಡರಲ್ಲೂ ಮೂರು ಮೂರು ಸಲ ಗುರುತು ಹಾಕಿದೆ. ಹೊಸ ಫೋನಿನ ಮೂರು ಗುರುತುಗಳು ಇಪ್ಪತ್ತು ಹೆಜ್ಜೆಯಷ್ಟು ದೂರ ದೂರ ಬಿದ್ದವು, ಒಂದಂತೂ ಪಕ್ಕದವರ ಗದ್ದೆಯಲ್ಲಿ. ಬಳಸಿದ ಫೋನಿನವು ನಾಲ್ಕೈದು ಹೆಜ್ಜೆಯೊಳಗೇ ಇದ್ದವು. ಕಾರಣ, ಉಪಗ್ರಹಗಳು ಬೇರೆ ಬೇರೆ ಆವರ್ತನಗಳಲ್ಲಿ ಸಂಕೇತ ಕಳಿಸುತ್ತವೆ, ಇದು 1575.42 ಮೆಗಾಹರ್ಟ್ಸ್‌ನ ಎಲ್1 ಜೊತೆಗೆ 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತವನ್ನೂ ಹಿಡಿಯುತ್ತದೆ. ಮರಕ್ಕೋ ಗುಡ್ಡಕ್ಕೋ ಬಡಿದು ಬಂದ ಪ್ರತಿಫಲನವನ್ನು ನೇರ ಸಂಕೇತದಿಂದ ಬೇರ್ಪಡಿಸುವುದು ಎಲ್5ರಲ್ಲಿ ಸುಲಭ.

ಜಿಪಿಎಸ್‌ನಂತೆ ಜಾಗ ತಿಳಿಸುವ ನಮ್ಮ ದೇಶದ್ದೇ ನಾವಿಕ್ ಉಪಗ್ರಹಗಳೂ ಎಲ್5 ಬಳಸುತ್ತವೆ. ಮೊದಲನೆಯದು 2013ರ ಜುಲೈ 1ರಂದು ಹಾರಿತು, ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಇದರ ನ್ಯಾವಿಗೇಷನ್ ಕೇಂದ್ರವಿದೆ. ಗದ್ದೆಯಲ್ಲಿ ನಿಂತು ಜಿಪಿಎಸ್‌ಟೆಸ್ಟ್ ಎಂಬ ಆ್ಯಪ್ ತೆರೆದಾಗ ಪಟ್ಟಿಯಲ್ಲಿ ಮೂರು ನಾವಿಕ್ ಉಪಗ್ರಹಗಳನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ.

ಬ್ಯಾಟರಿಯಲ್ಲಿ ಹೊಸದೇ ಗೆದ್ದಿತು, ಬೆಳಿಗ್ಗೆ ಆರರಿಂದ ರಾತ್ರಿಯವರೆಗೂ ಬಂತು. ಬಳಸಿದ್ದು ಮಧ್ಯಾಹ್ನ ಮೂರಕ್ಕೆ ಸೋಲುತ್ತದೆ, ಪವರ್ ಬ್ಯಾಂಕ್ ಬೇಕೇ ಬೇಕು. ಹೊಸದರ ತೆರೆಯೂ ದೊಡ್ಡದು, ಅಮ್ಮನಿಗೆ ಮೆಚ್ಚುಗೆಯಾದದ್ದು ಅದೇ. ಮಳೆಹನಿ ಬಿದ್ದರೆ ಎರಡರ ಸ್ಪರ್ಶತೆರೆಯೂ ಬೆರಳಿನ ಮಾತು ಕೇಳುವುದಿಲ್ಲ. ಕೊಡೆಯ ಕೆಳಗೆ ಒರೆಸಿಕೊಂಡೇ ಬಳಸಬೇಕು.

ಬೈಕಿಗೆಂದೇ ಮಾಡಿದ, ದಾರಿ ತೋರಿಸುವ ಸಾಧನವನ್ನು ಸ್ನೇಹಿತರಿಂದ ಪಡೆದು ಎರಡು ವಾರ ನೋಡಿದೆ. ಕೈಗವಸು ಹಾಕಿಕೊಂಡೇ ಒತ್ತಬಹುದು, ಬಿಸಿಲಿನಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಅದರಲ್ಲಿ ಕ್ಯಾಮೆರಾ ಇಲ್ಲ, ಬೆಲೆ ನನ್ನ ಎರಡೂ ಫೋನು ಸೇರಿದರೂ ಮುಟ್ಟದಷ್ಟು. ಹೆದ್ದಾರಿಯಲ್ಲೇ ದಿನವಿಡೀ ಓಡಿಸುವವರು ಕೊಳ್ಳಲಿ.

15,000 ರೂಪಾಯಿಯೊಳಗೆ ಕೊಳ್ಳುವವರು ಅಂಗಡಿಯಲ್ಲೇ ದಿಕ್ಸೂಚಿಯ ಆ್ಯಪ್ ತೆರೆದು ಒಂದು ಸುತ್ತು ತಿರುಗಿ ನೋಡಿ. ಮುಳ್ಳು ತಿರುಗದಿದ್ದರೆ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ವಾಪಸು ಇಡಿ. ಊರೊಳಗೆ ಮಾತ್ರ ಕಾರು ಓಡಿಸುವವರಿಗೆ ಇದರ ಚಿಂತೆ ಬೇಡ, ಅವರು ಹೊಸದನ್ನೇ ಕೊಳ್ಳಬಹುದು.

ನನಗೆ ದಿಕ್ಕು ಬೇಕಿರುವುದು ದಾರಿಗೆ ಮಾತ್ರವಲ್ಲ. ಕಲ್ಲು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನೂ ದಾಖಲೆಯಲ್ಲಿ ಬರೆಯುತ್ತೇನೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ ಎಂದು ಎಲ್ಲವನ್ನೂ ಬರೆದು 'ಮುಖ' ಎಂಬ ಅಂಕಣವನ್ನು ಖಾಲಿ ಬಿಟ್ಟ ಒಂಬತ್ತು ಪುಟಗಳು ನನ್ನ ಪುಸ್ತಕದಲ್ಲಿವೆ. ಹೊಸ ಫೋನು ಹಿಡಿದು ತಿರುಗಿದ ದಿನಗಳವು. ನಾಲ್ಕಕ್ಕೆ ಮತ್ತೆ ಹೋಗಿ ಬರೆದುಕೊಂಡು ಬಂದಿದ್ದೇನೆ. ಉಳಿದ ಐದು ಗದ್ದೆಯ ನಡುವೆ ಇವೆ, ಅಲ್ಲಿಗೆ ಕೊಯ್ಲು ಮುಗಿದ ಮೇಲೆ ಹೋಗಬೇಕು.