ಒಆರ್‌ಎಸ್ ಪುಡಿ: ಮಗುವಿಗೆ ಭೇದಿಯಾದಾಗ ಮೆಡಿಕಲ್ ಶಾಪಿನಲ್ಲಿ ಯಾವುದನ್ನು ಕೇಳಬೇಕು

ಮಗುವಿಗೆ ಭೇದಿ ಶುರುವಾದರೆ ಕೊಳ್ಳಬೇಕಾದ್ದು ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಅಲ್ಲ, ಒಂದು ಲೀಟರ್ ನೀರಿಗೆ ಕಲಸುವ ಒಆರ್‌ಎಸ್ (ಕಳೆದುಹೋದ ನೀರು, ಲವಣ ತುಂಬಿಕೊಡುವ) ಪುಡಿ ಪೊಟ್ಟಣ. ಅದರ ಹಿಂಬದಿ ಓದಿ: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ (ಡೆಕ್ಸ್‌ಟ್ರೋಸ್ ಎಂದೂ ಬರೆದಿರುತ್ತಾರೆ) 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಈ ಅಂಕಿಗಳಿದ್ದರೆ ಕಂಪನಿ ಯಾವುದಾದರೂ ಸರಿ. ಆಶಾ ಕಾರ್ಯಕರ್ತೆ ಪುಕ್ಕಟೆ ಕೊಡುವ ಪೊಟ್ಟಣ ಯಾವುದಕ್ಕೂ ಕಡಿಮೆಯಲ್ಲ.

ಕರುಳು ಸೋಡಿಯಮ್ಮನ್ನೂ ಗ್ಲೂಕೋಸನ್ನೂ ಜೊತೆಜೊತೆಗೆ ಹೀರುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ. ಸಕ್ಕರೆ ಮಿತಿಮೀರಿದರೆ ನೀರು ತಿರುಗಿ ಕರುಳಿಗೇ ಇಳಿದು ಭೇದಿ ಹೆಚ್ಚುತ್ತದೆ. ಸಿಹಿ ಪಾನೀಯಗಳ ತೊಂದರೆ ಇದೇ. ಅವುಗಳ ಹೆಸರಿನಲ್ಲಿ ‘ಒಆರ್‌ಎಸ್’ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಎಷ್ಟೋ ಮೊದಲೇ ಬರಬೇಕಿತ್ತು.

ಪುಡಿ ಕೆಡುವುದು ಅಳತೆಯಲ್ಲಿ. 200 ಎಂಎಲ್‌ಗೆ ಕಲಸುವ ಸಣ್ಣ ಪೊಟ್ಟಣವೂ ಅಂಗಡಿಯಲ್ಲಿರುತ್ತದೆ, ಎರಡೂ ಅದಲುಬದಲಾಗುತ್ತವೆ. ದೊಡ್ಡದನ್ನು ಒಂದು ಲೋಟ ನೀರಿಗೆ ಸುರಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಜೀವಕ್ಕೇ ಅಪಾಯ. ಸಣ್ಣದನ್ನು ಲೀಟರಿಗೆ ಹಾಕಿದರೆ ಉಪಯೋಗವಿಲ್ಲ. ದೊಡ್ಡ ಪೊಟ್ಟಣವನ್ನು ಅಂದಾಜಿನಲ್ಲಿ ಪಾಲು ಮಾಡಿ ಕಲಸುವುದೂ ತಪ್ಪು, ಲವಣಗಳು ಸಮನಾಗಿ ಬರುವುದಿಲ್ಲ. ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಅಳೆಯಿರಿ. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ. ಕಲಸಿದ ಮೇಲೆ ಕುದಿಸಬೇಡಿ, ಸಕ್ಕರೆ ಬೆರೆಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಎಂಎಲ್, ದೊಡ್ಡ ಮಕ್ಕಳಿಗೆ 100ರಿಂದ 200. ಒಳಲೆಯಲ್ಲೋ ಚಮಚದಲ್ಲೋ ಸ್ವಲ್ಪಸ್ವಲ್ಪವೇ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಮುಂದುವರಿಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ.

ಇದರ ರುಚಿ ಮಕ್ಕಳಿಗೆ ಸೇರುವುದಿಲ್ಲ, ನಿಜ. ಭೇದಿಯನ್ನು ಕೂಡಲೇ ನಿಲ್ಲಿಸುವುದೂ ಇಲ್ಲ. ಕಳೆದುಹೋದ ನೀರು, ಲವಣ ತುಂಬಿಕೊಡುವುದು ಇದರ ಕೆಲಸ. ಜೊತೆಗೆ ಜಿಂಕ್ ಬೇಕು: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳಿನವರಿಗೆ 10. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಅಂಗಡಿಯವರು ಭೇದಿ ಕಟ್ಟುವ ಔಷಧಿ ಲೋಪೆರಮೈಡ್ ಕೊಟ್ಟರೆ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಆಂಟಿಬಯಾಟಿಕ್ ವೈದ್ಯರು ಬರೆದರೆ ಮಾತ್ರ.

ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಆರು ತಾಸು ಮೂತ್ರವಿಲ್ಲದಿರುವುದು, ಕುಡಿಯಲಾಗದಷ್ಟು ಮಂಪರು: ಇವುಗಳಲ್ಲಿ ಒಂದು ಕಂಡರೂ ಪುಡಿಯನ್ನು ನಂಬಿ ಕಾಯದೆ ಆಸ್ಪತ್ರೆಗೆ ಹೊರಡಿ. ನುಂಗಲು ಸಾಧ್ಯವಿದ್ದರೆ ದಾರಿಯಲ್ಲೂ ಚಮಚದಲ್ಲಿ ಕುಡಿಸುತ್ತಿರಿ.